ಕಾಣದವರ ಬಾಕಿ

ಕೋಳಿ ಕೂಗಲು ಇನ್ನೂ ಹೊತ್ತಿದೆ. ಊರ ಹೊರಗಿನ ಹುಣಸೆ ತೋಪಿನಲ್ಲಿ ಕತ್ತಲು ಗಟ್ಟಿಯಾಗಿ ಕೂತಿದೆ. ಬೀದಿ ಕೊನೆಯ ನಾಯಿ ಒಂದು ಸಲ ಗುರುಗುಟ್ಟಿ, ಬಂದವನು ಗೊತ್ತಿರುವವನೇ ಎಂಬಂತೆ ಸುಮ್ಮನಾಗುತ್ತದೆ. ಆಮೇಲೆ ಆ ಸದ್ದು: ಬುಡು ಬುಡು ಬುಡು ಬುಡು. ಮುಷ್ಟಿಯೊಳಗೆ ಹಿಡಿಸುವಷ್ಟು ಪುಟ್ಟ ಡಮರು. ಅದರ ಸೊಂಟಕ್ಕೆ ಕಟ್ಟಿದ ದಾರದ ತುದಿಯ ಗಂಟು, ಮಣಿಕಟ್ಟು ಹೊರಳಿದಂತೆಲ್ಲ ಆಚೆಗೂ ಈಚೆಗೂ ಚರ್ಮಕ್ಕೆ ಬಡಿಯುತ್ತದೆ. ತಲೆಗೆ ದಪ್ಪ ರುಮಾಲು, ಕಂಕುಳಲ್ಲಿ ಕೊಡೆ, ಹೆಗಲಲ್ಲಿ ಜೋಳಿಗೆ, ಮೈಮೇಲೆ ಹತ್ತಾರು ಮನೆಗಳ ಹಳೆ ಬಟ್ಟೆ ಸೇರಿಸಿ ಹೊಲಿದ ನಿಲುವಂಗಿ. ಬುಡುಬುಡುಕೆಯವನು ಬಂದಿದ್ದಾನೆ.

"ಈ ಮನೆಗೆ ಮೂಡಲ ಕಡೆಯಿಂದ ಒಂದು ಸುದ್ದಿ ಬರ್ತೈತೆ ತಾಯಿ. ಕೊಟ್ಟಿದ್ದು ಕೈ ಸೇರ್ತೈತೆ. ಹಿರೀಮಗನ ಕಾಲಿಗೆ ಒಂದು ಕಂಟಕ ಐತೆ, ಮೂರು ತಿಂಗಳು ಜೋಪಾನ. ನಾನ್ ಹೇಳ್ತಿಲ್ಲ ತಾಯಿ, ಹಾಲಕ್ಕಿ ಹೇಳ್ತೈತೆ..."

ಒಳಗೆ ದೀಪ ಹತ್ತುವುದಿಲ್ಲ, ಕದ ತೆರೆಯುವುದಿಲ್ಲ. ಆದರೆ ಮನೆಯೆಲ್ಲ ಎಚ್ಚರವಾಗಿದೆ. ಕಂಬಳಿಯೊಳಗಿನ ಮಗು ಅಮ್ಮನ ಸೆರಗು ಹಿಡಿದುಕೊಂಡಿದೆ. ಅಮ್ಮ ಕತ್ತಲಲ್ಲೇ ಕೈಚಾಚಿ ಹಿರಿಮಗನ ಕಾಲನ್ನು ಮುಟ್ಟಿ ನೋಡುತ್ತಾಳೆ. ಹೊರಗಿನ ಸದ್ದು ಪಕ್ಕದ ಮನೆಗೆ, ಅಲ್ಲಿಂದ ಆಚೆ ಕೇರಿಗೆ ಸಾಗಿ ಕರಗುತ್ತದೆ.

ಬೆಳಗಾದ ಮೇಲೆ ಅದೇ ಮನುಷ್ಯ ಅದೇ ಬಾಗಿಲಿಗೆ ಮತ್ತೆ ಬರುತ್ತಾನೆ. ಈಗ ಕತ್ತಲಿನ ಗತ್ತು ಇಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ, ಹಸಿದ, ವಯಸ್ಸಾದ ಒಬ್ಬ. "ಒಂದ್ ಹಳೇ ಬಟ್ಟೆ ಕೊಡ್ರವ್ವಾ. ನಿಮ್ ಮಗ ಮೈಮೇಲೆ ಹಾಕಿ ಬಿಟ್ಟಿದ್ದು. ಕಂಟಕ ಅದ್ರ ಜೊತೆಗೇ ಹೋಗ್ತೈತೆ." ಒಂದು ಮೊರ ರಾಗಿ, ಒಂದು ಹರಿದ ಅಂಗಿ. ಅವನ ನಿಲುವಂಗಿಗೆ ಮತ್ತೊಂದು ತೇಪೆ ಸಿಕ್ಕಿತು. ಅವನ ಮಾತನ್ನೇ ನಂಬುವುದಾದರೆ ಊರೂರಿನ ಕಂಟಕಗಳನ್ನೆಲ್ಲ ಮೈಮೇಲೆ ಹೊದ್ದುಕೊಂಡು ತಿರುಗುವವನು ಅವನು. ಅವನಿಗೇನೂ ಆಗುವುದಿಲ್ಲವೇ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಈ ಕಸುಬಿನ ಜಾಣತನ ಗಮನಿಸಬೇಕಾದದ್ದು. ತನಗೆ ಶಕ್ತಿ ಇದೆಯೆಂದು ಬುಡುಬುಡುಕೆಯವನು ಎಂದೂ ಹೇಳಿಕೊಳ್ಳುವುದಿಲ್ಲ. ನುಡಿದದ್ದು ಹಕ್ಕಿ, ತಾನು ಕೇಳಿಸಿಕೊಂಡು ಬಂದವನು, ಅಷ್ಟೆ. ಹಾಲಕ್ಕಿ ಎಂದರೆ ನಮ್ಮ ಮರದ ಪೊಟರೆಗಳಲ್ಲಿ ಇರುವ ಪುಟ್ಟ ಗೂಬೆ. ರಾತ್ರಿಯ ಕೊನೆಯ ಜಾವದಲ್ಲಿ, ಬಹಳ ಸಲ ಸುಡುಗಾಡಿನ ಪಕ್ಕ ಕೂತು, ಅದರ ದನಿಗೆ ಕಿವಿಗೊಟ್ಟು ಬರುವುದು ಅವನ ವಿದ್ಯೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳನ್ನು ದಾಖಲಿಸಿದಾಗ ಬುಡುಬುಡುಕೆಯವರಿಗೂ ಒಂದು ಜಾಗ ಕೊಟ್ಟಿದ್ದ. ಅದರ ತರುವಾಯ ಎಪ್ಪತ್ತು ವರ್ಷ ಕಳೆಯುವ ಮುನ್ನವೇ, 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ಗಾಳಿಯಿಂದ ವಿಭೂತಿ ತೆಗೆಯುವವರನ್ನು ಪರೀಕ್ಷೆಗೆ ಕರೆಯಬಹುದು. ಆದರೆ ಬುಡುಬುಡುಕೆಯವನನ್ನು ಕರೆದಿದ್ದರೆ ಅವನು ಕೈಮುಗಿದು "ಸ್ವಾಮಿ, ಹಕ್ಕಿಯನ್ನು ಕೇಳಿ" ಎಂದುಬಿಡುತ್ತಿದ್ದ.

ಕಾಣದ ಲೋಕದ ಜೊತೆ ವ್ಯವಹಾರ ನಡೆಸುವವರು ನಮ್ಮ ನಾಡಿನಲ್ಲಿ ಒಂದು ಬಗೆಯವರಲ್ಲ. ಕೇಳಿಸಿಕೊಳ್ಳುವವರಿದ್ದಾರೆ, ನೋಡುವವರಿದ್ದಾರೆ, ಎಣಿಸುವವರಿದ್ದಾರೆ, ಮೈಮೇಲೆ ಬರಿಸಿಕೊಳ್ಳುವವರಿದ್ದಾರೆ, ಕಟ್ಟಿಹಾಕುತ್ತೇನೆ ಎನ್ನುವವರೂ ಇದ್ದಾರೆ. ಒಬ್ಬರ ವಿದ್ಯೆಯನ್ನು ಇನ್ನೊಬ್ಬರು ಒಪ್ಪುವುದು ಕಡಿಮೆ. ಆದರೂ ಇವರ ಮುಂದೆ ಕೂತು ಎದ್ದುಬಂದವರು ಮನೆಗೆ ತರುವ ಸುದ್ದಿ ಹೆಚ್ಚುಕಡಿಮೆ ಒಂದೇ. ಎಲ್ಲೋ, ಯಾರಿಗೋ ಸಲ್ಲಬೇಕಾದದ್ದು ಸಂದಿಲ್ಲ. ಬಾಕಿ ಇದೆ.

ಮೊದಲು ಹಗುರವಾದವರನ್ನು ದಾಟಿಬಿಡೋಣ. ಕೋಲೆಬಸವನ ಭವಿಷ್ಯ ಎರಡೇ ಮಾತಿನದು: ಹೌದು ಎಂದರೆ ತಲೆ ಮೇಲೆ ಕೆಳಗೆ, ಇಲ್ಲ ಎಂದರೆ ಪಕ್ಕಕ್ಕೆ. "ಈ ಅವ್ವನ ಮಗಳ ಲಗ್ನ ಈ ವರ್ಷ ಆಗ್ತದಾ ಬಸವಾ?" ಬಸವ ಹೌದೆನ್ನುತ್ತದೆ. ಇಲ್ಲ ಎಂದ ಬಸವನನ್ನು ಯಾರೂ ಸಾಕುವುದಿಲ್ಲ. ಗಿಣಿಶಾಸ್ತ್ರದ ಗಿಣಿ ಪಂಜರದಿಂದ ಗತ್ತಿನಲ್ಲಿ ಇಳಿದು, ಒಂದು ಚೀಟಿ ಎಳೆದು, ಒಂದು ಕಾಳಿಗೆ ತನ್ನ ಕೆಲಸ ಮುಗಿಸಿ ಒಳಗೆ ಹೋಗುತ್ತದೆ. ಇವೆರಡಕ್ಕೂ ಜನ ದುಡ್ಡು ಕೊಡುವುದು ನಂಬಿ ಅಲ್ಲ, ಖುಷಿಗೆ.

ಕೊರವಂಜಿ ಹಾಗಲ್ಲ. ಬುಟ್ಟಿ ಇಳಿಸಿ, ಎಲೆಯಡಿಕೆ ಬಾಯಿಗೆ ಹಾಕಿ, ಕಣಿ ಕೇಳುವವಳ ಅಂಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೋಲಿನ ತುದಿಯಿಂದ ತಟ್ಟುತ್ತ ಊರೂರಿನ ದೇವರುಗಳ ಹೆಸರು ಹಿಡಿದು ಕೂಗುತ್ತಾಳೆ. ಆ ಹೊತ್ತಿನಲ್ಲಿ ಅವಳ ಕಣ್ಣು ಅಂಗೈಯ ಮೇಲಿಲ್ಲ, ಮುಖದ ಮೇಲಿದೆ. ಯಾವ ಹೆಸರಿಗೆ ರೆಪ್ಪೆ ಅಲುಗಿತು, ಅತ್ತೆ ಎಂದಾಗ ತುಟಿ ಬಿಗಿಯಿತೋ ಗಂಡ ಎಂದಾಗಲೋ, ಎಲ್ಲ ಅಲ್ಲಿ ಬರೆದಿರುತ್ತದೆ. ಹೆಂಗಸರು ಹೆಂಗಸಿನ ಮುಂದೆ ಮಾತ್ರ ಅಳಬಹುದಾದ ಅಳುವೊಂದಿದೆ. ಅದಕ್ಕೆ ಬೀದಿಯಲ್ಲೇ ಜಾಗ ಮಾಡಿಕೊಟ್ಟವಳು ಅವಳು. ಶ್ರೀನಿವಾಸ ಕಲ್ಯಾಣದ ಕಥೆಯಲ್ಲಿ ಸ್ವತಃ ಶ್ರೀನಿವಾಸನೇ ಪದ್ಮಾವತಿಯ ಮನೆಗೆ ಹೋಗಲು ಆರಿಸಿಕೊಂಡದ್ದು ಇದೇ ವೇಷವನ್ನು. 1942ರಲ್ಲಿ ಡಾ. ಎಂ. ಶಿವರಾಂ ತಮ್ಮ ನಗೆಪತ್ರಿಕೆಗೆ 'ಕೊರವಂಜಿ' ಎಂದು ಹೆಸರಿಟ್ಟದ್ದೂ ಸುಮ್ಮನೆ ಇರಲಾರದು. 'ರಾಶಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಆ ವೈದ್ಯರು ಮನಸ್ಸಿನ ಒಳಗುಟ್ಟುಗಳ ಬಗ್ಗೆ 'ಮನೋನಂದನ' ಬರೆದವರು. ಕೊರವಂಜಿ ಏನು ಮಾಡುತ್ತಾಳೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ಅಂಜನ. ಕಳೆದ ಒಡವೆ, ಓಡಿಹೋದ ಮಗ, ಕದ್ದ ದನ ಇವನ್ನೆಲ್ಲ ಹುಡುಕಲು ವೀಳ್ಯದೆಲೆಯ ಮೇಲೋ ಹೆಬ್ಬೆರಳಿನ ಉಗುರಿನ ಮೇಲೋ ಮಿರಮಿರ ಹೊಳೆಯುವ ಕಪ್ಪು ಹಚ್ಚುತ್ತಾರೆ. ನೋಡುವುದು ಮಂತ್ರಗಾರ ಅಲ್ಲ, ಒಂದು ಮಗು. ಕಾಲು ಮುಂದಾಗಿ ಹುಟ್ಟಿದ ಮಗುವಾದರೆ ಒಳ್ಳೆಯದೆಂಬ ನಂಬಿಕೆ. "ಏನ್ ಕಾಣುತ್ತೆ ಮಗಾ?" ಮೊದಲು ಏನೂ ಇಲ್ಲ. ಮತ್ತೆ ಮತ್ತೆ ಕೇಳಿದ ಮೇಲೆ ಒಂದು ಅಂಗಳ. ಯಾರೋ ಗುಡಿಸುತ್ತಿದ್ದಾರೆ. ಇನ್ಯಾರೋ ಬಂದು ಕೂತರು. ಎಡ್ವರ್ಡ್ ಲೇನ್ ಎಂಬ ಇಂಗ್ಲಿಷಿನವನು ಈಜಿಪ್ಟಿನ ಜನಜೀವನ ಕುರಿತು 1836ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕೈರೋದ ಮಾಂತ್ರಿಕನೊಬ್ಬನ ಚಿತ್ರವಿದೆ. ಅವನೂ ಒಬ್ಬ ಹುಡುಗನ ಅಂಗೈಗೆ ಮಸಿ ಸುರಿದು ನೋಡು ಎನ್ನುತ್ತಾನೆ. ಹುಡುಗನಿಗೆ ಮೊದಲು ಕಾಣುವುದು ಕಸ ಗುಡಿಸುವವನೇ. ಸುಲ್ತಾನ ಬರುವುದು ಆಮೇಲೆ. ನಮ್ಮ ಊರಿನ ಮಗುವಿಗೂ ಕೈರೋದ ಹುಡುಗನಿಗೂ ಒಂದೇ ಅಂಗಳ ಹೇಗೆ ಕಂಡಿತೋ! ದೊಡ್ಡವರು ಬರುವ ಮುನ್ನ ಯಾರಾದರೂ ಗುಡಿಸಲೇಬೇಕು ಎಂಬ ಲೋಕಜ್ಞಾನ ಮಕ್ಕಳಿಗೆ ಎಲ್ಲ ಕಡೆಯೂ ಇರುತ್ತದೆ ಎಂದಷ್ಟೇ ನನ್ನ ತರ್ಕ.

ಎಣಿಸುವವರನ್ನು ನೋಡಬೇಕಾದರೆ ಕರಾವಳಿಗೆ ಇಳಿಯಬೇಕು. ತರವಾಡು ಮನೆಯ ಚಾವಡಿ. ಗುಡಿಸಿ ಸಾರಿಸಿದ ನೆಲ, ದೀಪ, ಹಲಗೆಯ ಮೇಲೆ ಬರೆದ ರಾಶಿಚಕ್ರ. ಮುಂಬಯಿಯಿಂದ ಬಂದ ಅಣ್ಣ, ಬೆಂಗಳೂರಿನಿಂದ ಬಂದ ತಮ್ಮ, ದುಬೈಯಿಂದ ಫೋನಿನ ಪರದೆಯಲ್ಲಿ ಬಗ್ಗಿ ನೋಡುತ್ತಿರುವ ಅಳಿಯ. ಗಡಿಯಾಚೆ ಕಾಸರಗೋಡಿನ ಕಡೆಯಿಂದಲೋ ಇನ್ನೂ ದಕ್ಷಿಣದಿಂದಲೋ ಬಂದ ದೈವಜ್ಞರು ಅಷ್ಟಮಂಗಲ ಪ್ರಶ್ನೆಗೆ ಕೂತಿದ್ದಾರೆ. 108 ಕವಡೆ. ಮಂತ್ರ ಹೇಳಿ ಅವನ್ನು ಮೂರು ಗುಂಪು ಮಾಡುತ್ತಾರೆ: ಕಳೆದದ್ದಕ್ಕೆ ಒಂದು, ಈಗಿನದಕ್ಕೆ ಒಂದು, ಬರಲಿರುವುದಕ್ಕೆ ಒಂದು. ಪ್ರತಿ ಗುಂಪಿನಿಂದಲೂ ಎಂಟೆಂಟು ತೆಗೆಯುತ್ತ ಹೋದರೆ ಕೊನೆಗೆ ಉಳಿಯುವ ಕವಡೆಗಳೇ ಉತ್ತರ. ಪುಟ್ಟ ಮಗುವಿನ ಕೈಗೆ ಬಂಗಾರದ ತುಣುಕು ಕೊಟ್ಟು ರಾಶಿಯ ಮೇಲೆ ಇಡಿಸಿದ್ದಾಗಿದೆ. ಪಕ್ಕದಲ್ಲಿ ಒಬ್ಬರು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಾರೆ. ಕೋರ್ಟಿನ ಕಲಾಪದಷ್ಟೇ ಶಿಸ್ತು. ಹದಿನೇಳನೆಯ ಶತಮಾನದ 'ಪ್ರಶ್ನಮಾರ್ಗ'ದ ಶ್ಲೋಕಗಳು ಕಾಯಿದೆ ಪುಸ್ತಕದ ಕಲಮುಗಳ ಹಾಗೆ ಉದುರುತ್ತವೆ.

ಇಲ್ಲಿ ಆವೇಶವಿಲ್ಲ, ಭಯವಿಲ್ಲ. ದೈವಜ್ಞರು ಮೆಲ್ಲಗೆ ಕೇಳುತ್ತಾರೆ: "ತೆಂಕು ದಿಕ್ಕಿನಲ್ಲಿ ಒಂದು ನಾಗನ ಕಲ್ಲು ಇತ್ತಲ್ಲ, ಏನಾಯಿತು?" ಅಣ್ಣ ತಮ್ಮನ ಮುಖ ನೋಡುತ್ತಾನೆ. ಜಾಗ ಮಾರಿ ಎಷ್ಟೋ ವರ್ಷವಾಗಿದೆ. "ಈ ಕುಟುಂಬದಲ್ಲಿ ಮದುವೆಯಾಗದೆ ಹೋದ ಒಂದು ಹೆಣ್ಣು?" ಇಷ್ಟು ಹೊತ್ತು ಒಳಬಾಗಿಲ ಹೊಸ್ತಿಲಲ್ಲಿ ಕೂತಿದ್ದ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾಳೆ. ತೊಟ್ಟಿಲಲ್ಲೇ ಹೋದ ಮಗುವಿನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತಿದ್ದಿಲ್ಲ. ಪರಿಹಾರವೂ ತುಳುನಾಡಿನಲ್ಲಿ ಸಿದ್ಧವಿದೆ: ಕುಲೆ ಮದಿಮೆ, ಸತ್ತವರ ಮದುವೆ. ಅದೇ ವಯಸ್ಸಿನಲ್ಲಿ ಹೋದ ಗಂಡುಮಗುವಿನ ಮನೆಯೊಂದನ್ನು ಹುಡುಕಬೇಕು, ನಿಶ್ಚಿತಾರ್ಥ ಮಾಡಬೇಕು, ಸೀರೆ ಧೋತ್ರ ಇಟ್ಟು ಧಾರೆ ಎರೆಯಬೇಕು, ಊಟ ಹಾಕಬೇಕು. 2024ರಲ್ಲಿ ಪುತ್ತೂರಿನ ಕಡೆಯ ಕುಟುಂಬವೊಂದು ಮೂವತ್ತು ವರ್ಷದ ಹಿಂದೆ ತೀರಿಕೊಂಡ ಹೆಣ್ಣುಮಗುವಿಗೆ ಅಂಥದೇ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಾಗ ಹೊರಗಿನವರು ನಕ್ಕರು. ನಗಬಹುದು. ಆದರೆ ಮೂವತ್ತು ವರ್ಷ ಒಂದು ಮಗುವನ್ನು ಬೆಳೆಯುತ್ತಿರುವಂತೆಯೇ ಲೆಕ್ಕ ಇಟ್ಟುಕೊಂಡು, ಈಗ ಅವಳು ಮದುವೆಯ ವಯಸ್ಸು ಮೀರುತ್ತಿದ್ದಾಳೆ ಎಂದು ಚಿಂತಿಸುವ ತಾಯಿಯ ಮನೆಯಂಗಳದಲ್ಲಿ ನಿಂತು ನಗುವುದು ಕಷ್ಟ.

ಕವಡೆ ಎಣಿಸುವವರು ಬಾಕಿಯನ್ನು ಓದಿ ಹೇಳುತ್ತಾರೆ. ಅದೇ ಸೀಮೆಯಲ್ಲಿ, ಬಾಕಿ ಸಲ್ಲಬೇಕಾದವನೇ ಎದುರು ಬಂದು ನಿಂತು ಕೇಳುವ ದೈವಕೋಲದ ರಾತ್ರಿಗಳೂ ಇವೆ.

ಗುತ್ತಿನ ಮನೆಯ ಎದುರು ಚಪ್ಪರ. ಒಂದು ಮೂಲೆಯಲ್ಲಿ ತೆಂಗಿನ ಎಳೆಗರಿ ಸೀಳುತ್ತಿದ್ದಾರೆ. ಚಾಪೆಯ ಮೇಲೆ ಒಬ್ಬ ಮನುಷ್ಯ ಕೈಕನ್ನಡಿ ಹಿಡಿದು ಮುಖಕ್ಕೆ ಅರದಾಳದ ಹಳದಿ ಬಳಿದುಕೊಳ್ಳುತ್ತಿದ್ದಾನೆ. ನಲಿಕೆ, ಪರವ, ಪಂಬದ ಸಮುದಾಯಗಳಲ್ಲಿ ಒಂದಕ್ಕೆ ಸೇರಿದವನು. ಸಂಜೆ ಎಣ್ಣೆ-ವೀಳ್ಯ ತೆಗೆದುಕೊಂಡು ಸ್ನಾನ ಮಾಡಿ ಕೂತವನು. ಕಪ್ಪಿನ ಗೆರೆ, ಕೆಂಪಿನ ಚುಕ್ಕೆ ಒಂದೊಂದಾಗಿ ಸೇರುತ್ತಿದ್ದಂತೆ ಪರಿಚಯದ ಮುಖ ಹಿಂದಕ್ಕೆ ಸರಿಯುತ್ತದೆ. ಹಿಂದೆ ಅವನ ಮನೆಯ ಹೆಂಗಸು ತೆಂಬರೆ ಬಡಿಯುತ್ತ ಪಾಡ್ದನ ಎತ್ತಿದ್ದಾಳೆ. ದೈವ ಎಲ್ಲಿ ಹುಟ್ಟಿತು, ಯಾವ ಘಟ್ಟ ಇಳಿಯಿತು, ಯಾರ ಮನೆಯಲ್ಲಿ ನೆಲೆ ಕೇಳಿತು. ಐಸ್‌ಕ್ರೀಮಿನ ಗಾಡಿಯ ಮುಂದೆ ಮಕ್ಕಳು. ಕುರ್ಚಿಗಳಲ್ಲಿ ನಿದ್ದೆಗಣ್ಣಿನ ಗಂಡಸರು. ಫೋನು ಎತ್ತಿ ಚಿತ್ರೀಕರಿಸುವ ಹುಡುಗರು. 2022ರ 'ಕಾಂತಾರ' ಸಿನಿಮಾ ಬಂದ ಮೇಲೆ ಇವರ ಸಂಖ್ಯೆ ಜಾಸ್ತಿ.

ಕಾಲಿಗೆ ಗಗ್ಗರ ಏರುವ ಕ್ಷಣಕ್ಕೆ ಎಲ್ಲ ಬದಲಾಗುತ್ತದೆ. ಡೋಲು, ತಾಸೆ, ವಾದ್ಯ ಒಮ್ಮೆಲೇ ಕಿವಿಗೆ ಅಪ್ಪಳಿಸುತ್ತವೆ. ಮನುಷ್ಯನ ಮೈ ಬಿಲ್ಲಿನಂತೆ ಬಾಗಿ ಸೆಟೆಯುತ್ತದೆ. ಎಳೆಗರಿಯ ಸಿರಿ ಸರಸರ ಎನ್ನುತ್ತದೆ, ಬೆನ್ನಿಗೆ ಕಟ್ಟಿದ ಅಣಿ ಪಂಜಿನ ಬೆಳಕಿನಲ್ಲಿ ತೂಗುತ್ತದೆ. ಕುರ್ಚಿಯವರು ಎದ್ದು ನಿಂತಿದ್ದಾರೆ. ಹಗಲಿನಲ್ಲಿ ಇದೇ ಮನುಷ್ಯನನ್ನು ಏಕವಚನದಲ್ಲಿ ಕರೆದ ಗಡಿಪ್ರಧಾನರು ಈಗ ಅವನ ಎದುರು ಕೈಮುಗಿದು ನಿಂತು ಬಹುವಚನದಲ್ಲಿ ಬಿನ್ನವಿಸುತ್ತಿದ್ದಾರೆ. ದೈವ ಒಬ್ಬೊಬ್ಬರನ್ನೂ ಅವರ ಮನೆತನದ ಹೆಸರು ಹಿಡಿದು ಕರೆಯುತ್ತದೆ. ಕಳೆದ ವರ್ಷ ಒಪ್ಪಿಕೊಂಡದ್ದು ಏನಾಯಿತು? ಗುಡಿಯ ಮಾಡು ಸೋರುತ್ತಿದೆಯಲ್ಲ? ಅಣ್ಣತಮ್ಮಂದಿರು ಬೇರೆ ಬೇರೆ ಬಾಗಿಲಿನಿಂದ ಬಂದಿರಿ, ಏಕೆ? ಊರಿಗೆಲ್ಲ ಗೊತ್ತಿದ್ದು ಯಾರೂ ಆಡದ ಮಾತು ಈಗ ಪಂಜಿನ ಬೆಳಕಿನಲ್ಲಿ ನಡು ಅಂಗಳದಲ್ಲಿ ಬಿದ್ದಿದೆ. ಉತ್ತರ ಕೊಡಲೇಬೇಕು.

ಬರ್ನೆಲ್ ಎಂಬ ಬ್ರಿಟಿಷ್ ಅಧಿಕಾರಿ ಸಂಗ್ರಹಿಸಿದ ಪಾಡ್ದನಗಳು ಅವನ ಸಾವಿನ ನಂತರ 1890ರ ದಶಕದಲ್ಲಿ ಅಚ್ಚಾದವು. ತಲೆಬರಹದಲ್ಲಿ ತುಳುವರ 'ಪಿಶಾಚಿ ಪೂಜೆ' ಎಂಬ ಅರ್ಥದ ಮಾತಿತ್ತು. ಅಂಗಳದಲ್ಲಿ ನಿಂತವರಿಗೆ ಅದು ಪಿಶಾಚಿಯಲ್ಲ, ಲೆಕ್ಕ ಮರೆಯದ ಹಿರಿಯ. ಈ ದೈವಗಳಲ್ಲಿ ಹಲವರು ಒಂದು ಕಾಲಕ್ಕೆ ಮನುಷ್ಯರಾಗಿದ್ದವರೇ, ಅನ್ಯಾಯವಾಗಿ ಸತ್ತವರೇ. ಕಲ್ಕುಡನ ಕಥೆ ನೋಡಿ. ಕಾರ್ಕಳದ ಗೊಮ್ಮಟನನ್ನು ಕಡೆದ ಕಲ್ಲುಕುಟಿಗ ಅವನು ಎನ್ನುತ್ತದೆ ಪಾಡ್ದನ. ಇಂಥ ಮೂರ್ತಿ ಇನ್ನೆಲ್ಲೂ ಆಗಬಾರದೆಂದು ಅರಸ ಅವನಿಗೆ ಕೊಟ್ಟ ಕೂಲಿ: ಒಂದು ಕೈ, ಒಂದು ಕಾಲು ಕಡಿದದ್ದು. ಉಳಿದ ಒಂದು ಕೈ ಒಂದು ಕಾಲಿನಲ್ಲೇ ಅವನು ವೇಣೂರಿಗೆ ಹೋಗಿ ಇನ್ನೊಬ್ಬ ಗೊಮ್ಮಟನನ್ನು ಎಬ್ಬಿಸುತ್ತಾನೆ. ತಂಗಿ ಕಲ್ಲುರ್ಟಿ ಸಿಟ್ಟಿನಿಂದ ಉರಿಯುತ್ತಾಳೆ. ಇಬ್ಬರೂ ಮಾಯವಾಗಿ, ದೈವವಾಗಿ, ಅರಸನ ಮನೆಗೆ ಬೆಂಕಿಯಾಗುತ್ತಾರೆ. ಶಾಸನದ ಪ್ರಕಾರ ಕಾರ್ಕಳದ ಮೂರ್ತಿ 1432ರದು, ವೇಣೂರಿನದು 1604ರದು. ನಡುವೆ 172 ವರ್ಷ. ಒಬ್ಬ ಶಿಲ್ಪಿ ಅಷ್ಟು ಬಾಳಲಾರ. ಪಾಡ್ದನಕ್ಕೆ ಅದರ ಗೊಡವೆಯಿಲ್ಲ. ಕೂಲಿ ಬಾಕಿ ಇರುವವರೆಗೆ ಕಲ್ಕುಡ ಬದುಕಿರುತ್ತಾನೆ. ಕಾರ್ಕಳದ ಬೆಟ್ಟದ ಮೇಲಿನ 42 ಅಡಿಯ ಕಲ್ಲಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಸ್ತಕಾಭಿಷೇಕ. ಅದನ್ನು ಕಡೆದವನಿಗೆ ವರ್ಷ ವರ್ಷವೂ ಕೋಲ. ಎರಡನೆಯದನ್ನು ತಪ್ಪಿಸಲು ಹೆದರುವವರೇ ಹೆಚ್ಚು.

ಬೆಳಗಿನ ಹೊತ್ತಿಗೆ ಗಗ್ಗರ ಕಳಚುತ್ತದೆ. ಹಳದಿ ಬೆವರಲ್ಲಿ ಇಳಿದಿರುತ್ತದೆ. ಅದೇ ಗಡಿಪ್ರಧಾನರು ಅದೇ ಮನುಷ್ಯನಿಗೆ ಸಂಭಾವನೆ ಕೊಡುವಾಗ ಭಾಷೆ ಮತ್ತೆ ಏಕವಚನಕ್ಕೆ ಇಳಿದಿರುತ್ತದೆ. ರಾತ್ರಿ ಇಡೀ ಇತರರ ಬಾಕಿ ಕೇಳಿದವನು ತನ್ನದನ್ನು ಎಲ್ಲಿ ಕೇಳಬೇಕು? ಕೊರಗಜ್ಜನ ಕಟ್ಟೆಗಳ ಮುಂದೆ ಇಂದು ದೊಡ್ಡ ಕಾರುಗಳ ಸಾಲಿದೆ. ಕಳೆದ ವಸ್ತು ಸಿಕ್ಕಿದರೆ ಚಕ್ಕುಲಿ, ವೀಳ್ಯ, ಸಾರಾಯಿ ಹರಕೆ. ಆ ಅಜ್ಜ ಹುಟ್ಟಿದ ಕೊರಗ ಸಮುದಾಯ ಮಾತ್ರ ನಾಡಿನ ಅತ್ಯಂತ ಹಿಂದುಳಿದ ಬುಡಕಟ್ಟುಗಳಲ್ಲಿ ಒಂದಾಗಿಯೇ ಉಳಿದಿದೆ.

ಉತ್ತರಕ್ಕೆ, ಕಲಬುರಗಿ ಜಿಲ್ಲೆಯ ಗಾಣಗಾಪುರದಲ್ಲಿ, ಬೇರೆಯೇ ರೀತಿ. ಅಫಜಲಪುರ ತಾಲ್ಲೂಕಿನ ಈ ಊರಲ್ಲಿ, ದತ್ತನ ಅವತಾರವೆಂದು ಜನ ನಂಬುವ ನರಸಿಂಹ ಸರಸ್ವತಿಯವರ ಪಾದುಕೆಗಳಿವೆ. ಭೀಮಾ-ಅಮರ್ಜಾ ಸಂಗಮದಲ್ಲಿ ಮಿಂದು, ಔದುಂಬರ ಸುತ್ತಿ, ಐದು ಮನೆ ಮಧುಕರಿ ಬೇಡಿ ಜನ ಮಧ್ಯಾಹ್ನದ ಮಹಾಮಂಗಳಾರತಿಗೆ ಸೇರುತ್ತಾರೆ. ಗಂಟೆ, ನಗಾರಿ ಶುರುವಾದವೋ ಇಲ್ಲವೋ, ಗುಂಪಿನೊಳಗಿಂದ ಒಂದು ಚೀತ್ಕಾರ. ಹಿಂದೆಯೇ ಇನ್ನೊಂದು. ಬಿಚ್ಚಿದ ಕೂದಲು ಗಿರಗಿರ ತಿರುಗುತ್ತದೆ. ಒಬ್ಬಳು ಕಂಬ ತಬ್ಬಿ ಮೇಲೆ ಹತ್ತುತ್ತಾಳೆ. ಒಬ್ಬ ಕಬ್ಬಿಣದ ಸರಳಿಗೆ ತಲೆಕೆಳಗಾಗಿ ಜೋತು, ಯಾರಿಗೂ ಕಾಣದ ಒಬ್ಬರ ಜೊತೆ ವಾದಕ್ಕೆ ಬಿದ್ದಿದ್ದಾನೆ: "ಬಿಡಂಗಿಲ್ಲ, ನಾ ಬಿಡಂಗಿಲ್ಲ. ನನಗ ಏನ್ ಕೊಟ್ಟೀರಿ?" ಕನ್ನಡ, ಮರಾಠಿ, ತೆಲುಗು, ಹಿಂದಿ ಎಲ್ಲ ಕಲಸಿ ಹೋಗಿವೆ. ಮನೆಯವರು ಹತ್ತಿರವೇ ನಿಂತಿದ್ದಾರೆ, ಹಿಡಿಯುವುದಿಲ್ಲ. ಇಲ್ಲಿ ಮಂತ್ರವಾದಿ ಇಲ್ಲ. ಬೇವಿನ ಸೊಪ್ಪಿಲ್ಲ, ಬಡಿತವಿಲ್ಲ. ವಿಚಾರಣೆ ನಡೆಸುವವನು ದತ್ತ. ವಾದಿ ಪ್ರತಿವಾದಿ ಒಂದೇ ಮೈಯಲ್ಲಿದ್ದಾರೆ. ಆರತಿ ಮುಗಿಯುತ್ತಿದ್ದಂತೆ ಹಗ್ಗ ಕಡಿದ ಹಾಗೆ ಎಲ್ಲರೂ ಕುಸಿಯುತ್ತಾರೆ. ಅರ್ಧ ಗಂಟೆಯಲ್ಲಿ ಅವಳೇ ಕೂದಲು ಗಂಟು ಹಾಕಿಕೊಂಡು ಮಗುವಿಗೆ ಊಟ ಮಾಡಿಸುತ್ತಿರುತ್ತಾಳೆ.

ಇದನ್ನು ಕಾಯಿಲೆ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿಗೂ, ದೆವ್ವ ಎಂದು ಮುಗಿಸುವವರಿಗೂ ಅವಸರ ಜಾಸ್ತಿ. ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಗುಡಿಯೊಂದರಲ್ಲಿ ಉಳಿದುಕೊಂಡಿದ್ದ ತೀವ್ರ ಮನೋರೋಗಿಗಳನ್ನು ಗಮನಿಸಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. 31 ಜನ, ಸರಾಸರಿ ಆರು ವಾರದ ವಾಸ, ಮಾತ್ರೆಯಿಲ್ಲ, ವಿಶೇಷ ಆಚರಣೆಯೂ ಇಲ್ಲ. ರೋಗಲಕ್ಷಣದ ಅಂಕಗಳು ಹತ್ತಿರಹತ್ತಿರ ಶೇಕಡಾ 20ರಷ್ಟು ಇಳಿದಿದ್ದವು. ಯಾರೂ ಬೈಯದ, ಯಾರೂ ಬೆರಳು ತೋರಿಸದ ಒಂದು ಜಾಗ, ಜೊತೆಗೊಬ್ಬ ಮನೆಯವರು, ದಿನಕ್ಕೊಂದು ಕೆಲಸ, ಇಷ್ಟಕ್ಕೇ. ಆದರೆ ಅದಕ್ಕೆ ಒಂದು ವರ್ಷ ಮೊದಲು, 2001ರ ಆಗಸ್ಟ್‌ನಲ್ಲಿ, ಅದೇ ತಮಿಳುನಾಡಿನ ಏರವಾಡಿಯಲ್ಲಿ ದರ್ಗಾದ ನಂಬಿಕೆಯ ಮೇಲೆ ನಡೆಯುತ್ತಿದ್ದ ಆಶ್ರಯಧಾಮಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಜನ ಕದಲಲಾಗದೆ ಸುಟ್ಟುಹೋದರು. ಎರಡೂ ನಿಜ. ವ್ಯತ್ಯಾಸ ಇದ್ದದ್ದು ದೇವರಲ್ಲಲ್ಲ, ಸರಪಳಿಯಲ್ಲಿ.

ಬಾಕಿಯ ಮಾತೇ ಇಲ್ಲದ ಎಡೆಗಳೂ ಇವೆ ಎಂದು ಹೇಳದಿದ್ದರೆ ಅನ್ಯಾಯವಾದೀತು. ಸಂಜೆಯ ನಮಾಜು ಮುಗಿಯುವ ಹೊತ್ತಿಗೆ ನಮ್ಮ ಎಷ್ಟೋ ಊರುಗಳ ಮಸೀದಿ ಬಾಗಿಲಲ್ಲಿ ಹೆಂಗಸರು ನಿಂತಿರುತ್ತಾರೆ. ಬುರ್ಖಾದವರು, ಕುಂಕುಮದವರು. ಕಂಕುಳಲ್ಲಿ ಬೆಚ್ಚಿಬಿದ್ದ ಮಗು, ಕೈಯಲ್ಲಿ ಒಂದು ಲೋಟ ನೀರು. ಹೊರಬರುವವರು ತಮ್ಮಷ್ಟಕ್ಕೆ ಏನೋ ಗುನುಗಿ ಮಗುವಿನ ನೆತ್ತಿಗೆ, ನೀರಿಗೆ ಉಫ್ ಎಂದು ಊದಿ ಚಪ್ಪಲಿ ಹುಡುಕಿಕೊಂಡು ಹೋಗುತ್ತಾರೆ. ಹೆಸರು ಕೇಳುವುದಿಲ್ಲ, ಕಾಸು ಮುಟ್ಟುವುದಿಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗಿದರೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಒಂದು ಸಾಲಿನ ಕಾರಣಿಕ. ಹೇಳಿದವನು ಮೇಲಿಂದ ಹಾಗೆಯೇ ಬೀಳುತ್ತಾನೆ, ಕೆಳಗಿನವರು ಹಿಡಿದುಕೊಳ್ಳುತ್ತಾರೆ. ಮಳೆಗೋ ಬೆಳೆಗೋ ಮುಖ್ಯಮಂತ್ರಿಯ ಕುರ್ಚಿಗೋ ಅದನ್ನು ಹೊಂದಿಸುವ ಕೆಲಸ ಆಮೇಲೆ ಟಿ.ವಿ.ಯವರದು.

ಇಷ್ಟು ಹೊತ್ತು ಹೇಳಿದವರೆಲ್ಲ ಕಾಣದ್ದರ ಮುಂದೆ ಹೇಗೋ ತಲೆ ತಗ್ಗಿಸುವವರು. ತಲೆ ಎತ್ತಿ ಆಜ್ಞೆ ಮಾಡುವವನ ಹೆಸರು ಹೇಳಿದರೆ ಹಳೆ ಮೈಸೂರಿನ ಕಡೆ ಒಂದೇ ಊರು ನೆನಪಾಗುವುದು. "ಕೊಳ್ಳೇಗಾಲಕ್ಕೆ ಹೋಗಿ ಬರ್ತೀನಿ, ನೋಡ್ತಿರು." ಅರ್ಧ ತಮಾಷೆ, ಅರ್ಧ ಬೆದರಿಕೆ. ರೇಷ್ಮೆಗೆ ಹೆಸರಾಗಬೇಕಾದ, ಮಲೆ ಮಹದೇಶ್ವರನ ದಾರಿಯ, ಮಂಟೇಸ್ವಾಮಿ ಸಿದ್ದಪ್ಪಾಜಿಯರ ಕಥೆ ಹಾಡುವ ನೀಲಗಾರರ ಸೀಮೆ ಮಾಟಕ್ಕೆ ಏಕೆ ಹೆಸರಾಯಿತು? ನನ್ನ ಊಹೆ ಇಷ್ಟು: 1956ರವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಮೈಸೂರಿನವರಿಗೆ ಗಡಿಯಾಚೆ. ಮಂತ್ರಕ್ಕೆ ಶಕ್ತಿ ಬರುವುದೇ ಗಡಿ ದಾಟಿದರೆ. ಮಂಗಳೂರಿನವರಿಗೆ ಕೇರಳದವನೇ ಆಗಬೇಕು. ಬೀದರ್, ಕಲಬುರಗಿಯವರು ಭಾನಾಮತಿಯ ಮಾತು ಬಂದಾಗ ತೆಲಂಗಾಣದ ಕಡೆ ಕೈ ತೋರಿಸುತ್ತಾರೆ.

ಇಂಥವನ ಮುಂಗೋಣೆ ಎಲ್ಲ ಊರಲ್ಲೂ ಒಂದೇ ರೀತಿ. ಗೋಡೆ ತುಂಬ ದೇವರ ಪಟಗಳು, ತಟ್ಟೆಯಲ್ಲಿ ನಿಂಬೆಹಣ್ಣು, ಕುಂಕುಮ, ಸುರುಳಿ ಸುತ್ತಿದ ತಾಮ್ರದ ತಗಡು. ಬಂದವಳ ಗಂಡ ಕುಡಿಯುತ್ತಾನೆ, ಹಸು ಹಾಲು ಕೊಡುತ್ತಿಲ್ಲ, ಮಗನಿಗೆ ಜ್ವರ ಬಿಡುತ್ತಿಲ್ಲ. ಅವನು ಕಣ್ಣು ಮುಚ್ಚಿ ತೆರೆಯುತ್ತಾನೆ. "ಮಾಡಿಸಿದ್ದಾರಮ್ಮ." ಯಾರು ಸ್ವಾಮಿ? "ಹೊರಗಿನವರಲ್ಲ. ಹೆಸರು ನಾನು ಹೇಳಬಾರದು. ಈಗ ಒಂದು ಮುಖ ಕಣ್ಮುಂದೆ ಬಂತಲ್ಲ ನಿಮಗೆ? ಅವರೇ." ಈ ಒಂದು ಮಾತಿಗಿಂತ ಕೆಟ್ಟ ಮಾಟ ನಾನು ಕೇಳಿಲ್ಲ. ಓರಗಿತ್ತಿಯೋ ನಾದಿನಿಯೋ ಪಕ್ಕದ ಮನೆಯ ವಿಧವೆಯೋ, ಆ ಮುಖಕ್ಕೆ ಇನ್ನು ಈ ಮನೆಯಲ್ಲಿ ನೀರೂ ಹುಟ್ಟುವುದಿಲ್ಲ. ಉಳಿದವರು ನೀನು ಯಾರಿಗೋ ಬಾಕಿ ಇದ್ದೀಯ ಎಂದು ಹೇಳಿ ಕಳಿಸಿದರೆ, ಇವನು ಯಾರೋ ನಿನಗೆ ಬಾಕಿ ಇದ್ದಾರೆ ಎಂದು ತಿರುಗಿಸಿಬಿಡುತ್ತಾನೆ. ಕಟ್ಟುತ್ತೇನೆ, ತಿರುಗಿ ಕಳಿಸುತ್ತೇನೆ, ದಿಗ್ಬಂಧನ ಹಾಕುತ್ತೇನೆ. ಅಮಾವಾಸ್ಯೆಗೆ ಇಷ್ಟು, ಹುಣ್ಣಿಮೆಗೆ ಇಷ್ಟು. ಅವನಿಗೆ ಮಾತ್ರ ಬಾಕಿ ಇಡುವಂತಿಲ್ಲ.

ಕೊಳ್ಳೇಗಾಲದ ಹತ್ತಿರವೇ ತಲಕಾಡು ಮರಳಿನಲ್ಲಿ ಹೂತುಕೊಂಡಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ತೆಗೆದುಕೊಂಡರು. ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಮಡದಿ ಅಲಮೇಲಮ್ಮನ ಒಡವೆಗೂ ಕೈಯಿಟ್ಟಾಗ ಅವಳು ತಲಕಾಡು ಮರಳಾಗಲಿ ಎಂದು ಶಾಪ ಹಾಕಿ ಮಾಲಂಗಿಯ ಮಡುವಿಗೆ ಹಾರಿದಳಂತೆ. ಮರಳು ಕಾವೇರಿಯ ಪಾತ್ರದಿಂದ ಗಾಳಿಗೆ ಬಂದದ್ದೆಂದು ಭೂಗೋಳ ಬಲ್ಲವರು ಹೇಳುತ್ತಾರೆ. ಇರಬಹುದು. ಆದರೂ ಮೈಸೂರು ಅರಮನೆಯಲ್ಲಿ ಅಲಮೇಲಮ್ಮನ ಪ್ರತಿಮೆಗೆ ಪೂಜೆ ಸಲ್ಲುತ್ತಲೇ ಬಂದಿದೆ. ಕೊಳ್ಳೇಗಾಲದವನನ್ನು ಕರೆಸಿ ಅವಳನ್ನು ಕಟ್ಟಿಹಾಕಿಸುವ ಬದಲು ಅರಸರು ನಾನೂರು ವರ್ಷ ಕಂತು ಕಟ್ಟುವ ದಾರಿ ಹಿಡಿದರು.

ಕರ್ನಾಟಕದ ವಿಧಾನಮಂಡಲ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯಿದೆಗೆ ಒಪ್ಪಿಗೆ ಕೊಟ್ಟಿತು. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಒಂದರಿಂದ ಏಳು ವರ್ಷ ಸೆರೆ, 5 ಸಾವಿರದಿಂದ 50 ಸಾವಿರದವರೆಗೆ ದಂಡ. ದೆವ್ವ ಬಿಡಿಸುತ್ತೇನೆಂದು ಬಡಿಯುವುದು, ಎಳೆಯ ಮಕ್ಕಳನ್ನು ಮುಳ್ಳಿನ ಮೇಲೆ ಎಸೆಯುವುದು ಇಂಥವೆಲ್ಲ ಅಪರಾಧ. ನನಗೆ ಎಲ್ಲಕ್ಕಿಂತ ಮುಖ್ಯ ಎನ್ನಿಸುವುದು ಹಾವು, ಚೇಳು, ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುತ್ತ ಕೂರಿಸುವುದರ ಮೇಲಿನ ನಿಷೇಧ. ವಿಷವಿಲ್ಲದ ಹಾವು ಕಚ್ಚಿದವರನ್ನು ಬದುಕಿಸಿದ ಕೀರ್ತಿಯ ಮೇಲೆ ವಿಷದ ಹಾವು ಕಚ್ಚಿದವರನ್ನು ಸಾಯಲು ಬಿಡುವ ಕಸುಬು ಅದು. ಅದರ ಬಗ್ಗೆ ನುಡಿಚಿತ್ರ ಬರೆಯುವಷ್ಟು ಕನಿಕರ ನನ್ನಲ್ಲಿಲ್ಲ. ಜ್ಯೋತಿಷ್ಯ, ವಾಸ್ತು ಸಲಹೆಗಳನ್ನು ಕಾಯಿದೆ ಮುಟ್ಟಿಲ್ಲ. ಹಾಗಾಗಿ ಬೆಳಗಿನ ಟಿ.ವಿ.ಯಲ್ಲಿ ರಾಶಿಫಲ ಎಂದಿನಂತೆ ನಡೆದಿದೆ. ಬಸ್ ನಿಲ್ದಾಣದ ಮೂತ್ರಾಲಯದ ಗೋಡೆಯಲ್ಲಿ ಸ್ತ್ರೀವಶೀಕರಣದ ಚೀಟಿಗಳೂ ಅಂಟಿಕೊಂಡೇ ಇವೆ.

ಬೆಂಗಳೂರಿನಲ್ಲಿ 1990ರ ದಶಕದಲ್ಲಿ ಒಂದು ದೆವ್ವ ಓಡಾಡಿತ್ತು. ರಾತ್ರಿ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಕದ ತೆರೆದರೆ ಕತೆ ಮುಗಿಯಿತು ಎಂಬ ಸುದ್ದಿ. ಅದಕ್ಕೊಂದು ಹೆಸರಿರಲಿಲ್ಲ, ಪಾಡ್ದನವಿರಲಿಲ್ಲ, ಯಾರು ಏನು ಅನ್ಯಾಯ ಮಾಡಿದ್ದಕ್ಕೆ ಬಂದಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಹೊಸಬರಿಂದ ತುಂಬಿದ್ದ ಬಡಾವಣೆಗಳಲ್ಲಿ ಕೇಳಲು ಗುತ್ತಿನ ಮನೆಯಿಲ್ಲ, ಕವಡೆಯವರಿಲ್ಲ. ಜನ ಯಾವ ಮಂತ್ರವಾದಿಗೂ ಕಾಯದೆ ಸೀಮೆಸುಣ್ಣ ತೆಗೆದುಕೊಂಡು ಬಾಗಿಲ ಮೇಲೆ ತಾವೇ ಬರೆದರು: 'ನಾಳೆ ಬಾ'. ತಿಂಗಳ ಕೊನೆಯಲ್ಲಿ ಬಾಗಿಲು ತಟ್ಟುವ ಹಾಲಿನವನಿಗೂ ಚೀಟಿಯವನಿಗೂ ಹೇಳುವ ಅದೇ ಎರಡು ಮಾತು. ದೆವ್ವ ಬರುತ್ತಿತ್ತಂತೆ, ಓದುತ್ತಿತ್ತಂತೆ, ಸರಿ ಎಂದು ಹೊರಟು ಮಾರನೆಯ ರಾತ್ರಿ ಮತ್ತೆ ಬಂದು ಮತ್ತೆ ಓದುತ್ತಿತ್ತಂತೆ. 2018ರಲ್ಲಿ ಹಿಂದಿಯವರು ಇದೇ ಉಪಾಯವನ್ನು 'ಸ್ತ್ರೀ' ಸಿನಿಮಾಕ್ಕೆ ಒಯ್ದು ಅಲ್ಲಿಯ ಗೋಡೆಗಳ ಮೇಲೆ ಹಿಂದಿಯಲ್ಲಿ ಬರೆಸಿದರು. ಉಳಿದದ್ದನ್ನು ನಂಬಲಿ ಬಿಡಲಿ, ಆಗಿನ ಬೆಂಗಳೂರಿನ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು ಎಂಬುದನ್ನು ಮಾತ್ರ ಯಾರೂ ಅಲ್ಲಗಳೆದಿಲ್ಲ.